ಅಕ್ಕನ ರಕ್ತ ಇಳಿಯುತ್ತಿದ್ದ ತಾಸು

ಚಿಂತೆ ಮಾಡಲು ನನಗೆ ಕಾರಣ ಬೇಕಾಗಿಲ್ಲ. ಮನೆಗೆ ಕೀಲಿ ಹಾಕಿ ಓಣಿಯ ತಿರುವಿನತನಕ ಹೋದವನು ವಾಪಸು ಬಂದು ಕೀಲಿಯನ್ನು ಜಗ್ಗಿ ನೋಡುತ್ತೇನೆ. ಜಗ್ಗಿದ್ದರಿಂದಲೇ ಸಡಿಲಾಗಿರಬಹುದೆಂದು ಮತ್ತೊಮ್ಮೆ ಬರುತ್ತೇನೆ. ಬಸ್ಸು ಓಡುತ್ತಿದ್ದರೆ ಅದರ ಬ್ರೇಕಿನ ಬಗ್ಗೆ ಯೋಚಿಸುತ್ತೇನೆ, ನಿಂತರೆ ಯಾಕೆ ನಿಂತಿತೆಂದು ಯೋಚಿಸುತ್ತೇನೆ. "ನಿಮಗ ಚಿಂತಿ ಮಾಡಾಕ ಏನೂ ಸಿಗಲಿಲ್ಲಂದ್ರ ಅದರದೇ ಒಂದು ಚಿಂತಿ ಹತ್ತತದ" ಎಂದು ಹೆಂಡತಿ ಮದುವೆಯ ಹೊಸದರಲ್ಲೇ ಹೇಳಿದ್ದಳು. ಈಗ ನನಗೆ ನಲವತ್ತೈದು ದಾಟಿದೆ. ಆಕೆ ಮಾತು ಬದಲಿಸಿಲ್ಲ, ನಾನೂ ಬದಲಾಗಿಲ್ಲ.

ಆದರೆ ಒಂದು ಮಳೆಗಾಲ ಮತ್ತು ಅದರ ಹಿಂದೆಯೇ ಬಂದ ಚಳಿಗಾಲದಲ್ಲಿ ನಾನು ಚಿಂತೆ ಬಿಟ್ಟಿದ್ದೆ. ಹೊಟ್ಟೆ ತುಂಬ ಉಂಡೆ, ರವಿವಾರ ಮಧ್ಯಾಹ್ನ ಗೊರಕೆ ಹೊಡೆದೆ, ಪ್ಯಾಂಟಿನ ಸೊಂಟ ಬಿಗಿಯಾಯಿತು. ನನ್ನ ಬದುಕಿನಲ್ಲಿ ಚಿಂತೆ ಮಾಡಲು ನಿಜವಾದ ಕಾರಣವಿದ್ದ ಕಾಲ ಅದೊಂದೇ ಆಗಿತ್ತೆಂದು ಆಮೇಲೆ ತಿಳಿಯಿತು. ಅದನ್ನು ಬರೆಯಬೇಕಾದರೆ ನನ್ನ ಅಕ್ಕನ ಬಗ್ಗೆ, ಆಕೆಯ ಉಸಿರಿನ ಬಗ್ಗೆ ಬರೆಯಬೇಕು. ಆಕೆಯ ರಕ್ತವನ್ನು ಒಂದು ಗಾಜಿನ ಕೊಳವೆಯಲ್ಲಿ ನಿಲ್ಲಿಸಿ ನಾವೆಲ್ಲ ಏನೇನು ಓದಿಕೊಂಡೆವೆಂಬುದನ್ನೂ ಬರೆಯಬೇಕು.

ದೇವದುರ್ಗ ತಾಲೂಕಿನಲ್ಲಿ, ಮಸರಕಲ್ಲಿನಿಂದ ಇನ್ನೂ ಒಳಗೆ ಹೋದರೆ ನಮ್ಮ ಊರು. ಕುರಿ ಕಾಯುವ, ಅದರ ಉಣ್ಣೆಯಿಂದ ಕಂಬಳಿ ನೇಯುವ ಮನೆಗಳೇ ಹೆಚ್ಚು. ನಮ್ಮದೂ ಅಂಥದೇ ಮನೆ. ನನ್ನನ್ನು ಹೆತ್ತ ಮೇಲೆ ಅವ್ವ ಬಹಳ ದಿನ ಬದುಕಲಿಲ್ಲ. ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವಳಾದ ಅಕ್ಕ ಮದುವೆಯಾಗಿ ಹೋದವಳು ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಆಗ ನಾನು ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಆಕೆಯ ಪಾಲಿಗೆ ಅದು ಏನಾಗಿತ್ತೋ, ನನಗಂತೂ ಹಬ್ಬವಾಗಿತ್ತು. ತಲೆಗೆ ಎಣ್ಣೆ ಒತ್ತಿದವಳು, ರೊಟ್ಟಿ ಮುರಿದು ಬಾಯಿಗಿಟ್ಟವಳು, ಅಳುತ್ತಿದ್ದವನನ್ನು ರಟ್ಟೆ ಹಿಡಿದು ಶಾಲೆಗೆ ಬಿಟ್ಟುಬಂದವಳು ಆಕೆಯೇ. ಆ ಶಾಲೆಯ ದೆಸೆಯಿಂದ ನಾನು ರಾಯಚೂರಿನಲ್ಲಿ ಒಂದು ಸರಕಾರಿ ಕಚೇರಿಯ ಗುಮಾಸ್ತನಾದೆ, ಕೋಟೆಯ ಹತ್ತಿರ ಎರಡು ಕೋಣೆಯ ಮನೆ ಹಿಡಿದೆ, ಸಂಸಾರ ಹೂಡಿದೆ.

ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ಸಲ ಊರಿಗೆ ಹೋದಾಗ ಅಕ್ಕ ನೀರು ಹೊತ್ತು ಬರುತ್ತಿದ್ದಳು. ಬಾಗಿಲಿಗೆ ಇನ್ನೂ ನಾಲ್ಕು ಮಾರು ಇರುವಾಗಲೇ ಕೊಡ ಇಳಿಸಿ, ಗೋಡೆಗೆ ಕೈಯಾನಿಸಿ ನಿಂತಳು. ಮಾತಾಡಲು ಹೋದರೆ ಕೆಮ್ಮು. ಸಂಜೆಯಾದರೆ ಮೈ ಬೆಚ್ಚಗೆ. ರವಿಕೆಯ ತೋಳು ಸಡಿಲಾಗಿ ಜೋಲಾಡುತ್ತಿತ್ತು.

"ಎಷ್ಟ ದಿನದಿಂದ ಹಿಂಗದ ಅಕ್ಕಾ?"

"ಯಾವ ದಿನ ಅಂತ ಹೇಳ್ಲಿ? ವಯಸ್ಸಾತಲ್ಲೋ ತಮ್ಮಾ."

"ನಿನಗ ಇನ್ನೂ ಐವತ್ತ ಆಗಿಲ್ಲ."

"ನೀ ಎಣಿಸ್ಕೋಂತ ಕೂಡು" ಎಂದು ಆಕೆ ಮತ್ತೆ ಕೊಡ ಎತ್ತಿದಳು.

ನಾನು ಎಣಿಸುವುದರಲ್ಲಿ ನಿಸ್ಸೀಮ. ಆ ವಾರವೇ ಆಕೆಯನ್ನು ರಾಯಚೂರಿಗೆ ಕರೆತಂದೆ.

ಡಾಕ್ಟರ ದವಾಖಾನೆ ತೀನ್ ಕಂದಿಲ್ ಚೌಕದ ಹಿಂದೆ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿತ್ತು. ಹೈದರಾಬಾದಿನಲ್ಲಿ ಓದಿದ ಹಿರಿಯರು. ಕನ್ನಡ ಮಾತಾಡುತ್ತ ಮಾತಾಡುತ್ತಲೇ ಉರ್ದುವಿಗೆ ಜಾರಿ, ಅಲ್ಲಿಂದ ಮತ್ತೆ ಕನ್ನಡಕ್ಕೆ ಏರಿ ಬರುತ್ತಿದ್ದರು. ಎದೆಗೆ ಕೊಳವೆ ಹಚ್ಚಿ ಕೇಳಿದರು, ಬೆನ್ನು ಬಡಿದು ನೋಡಿದರು, ಎಕ್ಸ್‌ರೇ ಬರೆದರು. ಕಫದಲ್ಲಿ ಕ್ಷಯದ ಕ್ರಿಮಿ ಕಾಣಲಿಲ್ಲ. ಹಿಂದಿನ ಕೋಣೆಯಲ್ಲಿ ರಕ್ತಪರೀಕ್ಷೆಯಾಯಿತು.

ಆ ಪರೀಕ್ಷೆಯನ್ನು ನಾನು ಮುಂದಿನ ವರ್ಷಗಳಲ್ಲಿ ಎಷ್ಟು ಸಲ ನೋಡಿದೆನೆಂದರೆ, ಬೇಕಾದರೆ ನಾನೇ ಮಾಡಬಲ್ಲೆನೆಂಬ ಸೊಕ್ಕು ಬಂದಿತ್ತು. ತೋಳಿನಿಂದ ರಕ್ತ ತೆಗೆದು, ಹೆಪ್ಪುಗಟ್ಟದಂತೆ ನೀರಿನಂಥ ಒಂದು ಔಷಧಿಯ ಜೊತೆ ಬೆರೆಸಿ, ಗೆರೆ ಕೊರೆದ ಸಣ್ಣ ಉದ್ದನೆಯ ಗಾಜಿನ ಕೊಳವೆಗೆ ಏರಿಸಿ, ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಆಮೇಲೆ ಒಂದು ತಾಸು ಯಾರಿಗೂ ಏನೂ ಕೆಲಸವಿಲ್ಲ. ಕೆಂಪು ಕಣಗಳು ತಮ್ಮ ಭಾರಕ್ಕೆ ತಾವೇ ಕೆಳಗಿಳಿಯುತ್ತವೆ, ಮೇಲೆ ತಿಳಿಹಳದಿ ನೀರು ಉಳಿಯುತ್ತದೆ. ಮೈಯೊಳಗೆ ಎಲ್ಲಿಯಾದರೂ ಉರಿಯೂತವಿದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ತಾಸು ಮುಗಿದಾಗ ಎಷ್ಟು ಗೆರೆ ಇಳಿದಿದೆಯೋ ಅದು ಇ.ಎಸ್.ಆರ್. ಇಪ್ಪತ್ತರ ಒಳಗಿದ್ದರೆ ಒಳ್ಳೆಯದು. ಅಕ್ಕನದು ನೂರರ ಹತ್ತಿರ ಹೋಗಿತ್ತು.

ಅಕ್ಕ ಆ ತಾಸೂ ಬೆಂಚಿನ ಮೇಲೆ ಕುಳಿತು, ತೆರೆದ ಬಾಗಿಲಿನಿಂದ ತನ್ನ ರಕ್ತವನ್ನೇ ನೋಡುತ್ತಿದ್ದಳು.

"ಇಳ್ಯಾಕತ್ತದ ನೋಡು. ಎಷ್ಟ ಅವಸರ ಅದಕ್ಕ!"

"ಅವಸರ ಮಾಡಬಾರದು ಅಕ್ಕಾ. ನಿಧಾನ ಇಳೀಬೇಕು."

"ನಮ್ಮ ಮನಿತನದಾಗ ನಿಧಾನ ಯಾರಿಗದ? ನೀ ಬಸ್ಸಿಗೆ ಒಂದ ತಾಸು ಮೊದಲ ಬಂದು ನಿಂದ್ರಾವ."

ಡಾಕ್ಟರು ಒಳಗೆ ಕರೆದು ಹೇಳಿದರು: "ಎದಿಯೊಳಗ ಏನೋ ಉರಿಯಾಕತ್ತದ ಯವ್ವಾ. ಯಾಕ ಉರಿತದ ಅಂತ ಈ ರಕ್ತ ಹೇಳಂಗಿಲ್ಲ. ಉರಿ ಅದ ಅಂತಷ್ಟೇ ಹೇಳ್ತದ." ಆಮೇಲೆ ಕೇಳಿದರು, "ಊರಾಗ ಏನ ಕೆಲಸ ಮಾಡ್ತಿ?"

"ಏನಿಲ್ರಿ. ಮನ್ಯಾಗ ಕುಂತಿರ್ತೀನಿ."

ಪಕ್ಕದಲ್ಲಿ ನಿಂತಿದ್ದ ನಾನು ಹೌದೆಂದು ತಲೆಯಾಡಿಸಿದೆ. ನಮ್ಮ ಊರಿನಲ್ಲಿ ಕೆಲಸವೆಂದರೆ ಕುರಿಯ ಹಿಂದೆ ಹೋಗುವುದು, ಹೊಲಕ್ಕೆ ಹೋಗುವುದು, ಮಗ್ಗದ ಕುಣಿಗೆ ಇಳಿಯುವುದು. ಅಕ್ಕ ಈ ಮೂರನ್ನೂ ಮಾಡುತ್ತಿರಲಿಲ್ಲ.

ಆ ಕಾಲದಲ್ಲಿ ಕೆಮ್ಮು, ಸಂಜೆಯ ಜ್ವರ, ಸವೆದ ಮೈ, ಏರಿದ ಇ.ಎಸ್.ಆರ್. ಇವೆಲ್ಲ ಒಂದೆಡೆ ಕೂಡಿದರೆ ಕ್ರಿಮಿ ಕಾಣದಿದ್ದರೂ ಕ್ಷಯವೆಂದೇ ಹಿಡಿಯುತ್ತಿದ್ದರು. ಡಾಕ್ಟರೂ ಹಾಗೇ ಹಿಡಿದರು. ದಿನಕ್ಕೊಂದು ಸೂಜಿ, ಹಿಡಿ ತುಂಬ ಗುಳಿಗೆ. ಸೂಜಿ ಮಾಡಿಸಿಕೊಳ್ಳಲು ಅಕ್ಕ ನಮ್ಮ ಮನೆಯಲ್ಲೇ ಉಳಿದಳು. ಬಂದ ದಿನವೇ ತನ್ನ ತಟ್ಟೆ, ಲೋಟ ಬೇರೆ ಮಾಡಿ ಬಚ್ಚಲ ಗೂಡಿನಲ್ಲಿಟ್ಟುಕೊಂಡಳು. ಹೆಂಡತಿ ಎಷ್ಟು ಬೇಡವೆಂದರೂ ಕೇಳಲಿಲ್ಲ. ನಾನು ಮಾತ್ರ ಬಾಯಿಯಲ್ಲಿ "ಯಾಕಕ್ಕಾ" ಎನ್ನುತ್ತ, ಒಳಗೊಳಗೇ ನನ್ನ ಎದೆಯಲ್ಲೂ ಏನೋ ಗೊರಗುಟ್ಟುತ್ತಿದೆಯೆಂದು ಕಿವಿಗೊಟ್ಟು ಕೇಳುತ್ತಿದ್ದೆ. ಒಂದು ದಿನ ಡಾಕ್ಟರಿಗೆ ದುಂಬಾಲು ಬಿದ್ದು ನನ್ನ ರಕ್ತವನ್ನೂ ಕೊಳವೆಗೆ ಏರಿಸಿದೆ. ತಾಸಿನ ಮೇಲೆ ಅವರು ಬಂದು ನೋಡಿ, "ಅರೇ ಭಾಯಿ, ನಿನ್ನ ರಕ್ತ ಆರಾಮ ನಿಂತದ. ನೀನೂ ಹಂಗೇ ಆರಾಮಿರು" ಎಂದರು. ಬೆಂಚಿನ ಮೇಲಿದ್ದ ಅಕ್ಕ ನಗಲು ಹೋಗಿ ಕೆಮ್ಮಿ ಕೆಮ್ಮಿ ಸಾಕಾದಳು.

ಮೂರು ತಿಂಗಳಲ್ಲಿ ಆಕೆಯ ಜ್ವರ ನಿಂತಿತು, ಕೆಮ್ಮು ತಗ್ಗಿತು. ಇ.ಎಸ್.ಆರ್. ಅರ್ಧಕ್ಕಿಂತ ಕೆಳಗೆ ಬಂತು. ಸಂತೋಷದಿಂದ ಊರಿಗೆ ಕಳಿಸಿದೆವು. ಸೂಜಿಯನ್ನು ದೇವದುರ್ಗದಲ್ಲಿ ಮಾಡಿಸಿಕೊಳ್ಳುವ ವ್ಯವಸ್ಥೆಯೂ ಆಯಿತು. ಆದರೆ ಸುಗ್ಗಿ ಮುಗಿಯುವ ಹೊತ್ತಿಗೆ ಅಕ್ಕ ಮತ್ತೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮತ್ತೆ ರಾಯಚೂರು, ಮತ್ತೆ ಬೆಂಚು, ಮತ್ತೆ ಕೊಳವೆ. ರಕ್ತ ಮೊದಲಿನಷ್ಟೇ ಅವಸರದಿಂದ ಇಳಿದು ನೂರರ ಹತ್ತಿರ ಹೋಗಿತ್ತು. ನಮ್ಮ ಮನೆಯಲ್ಲಿದ್ದರೆ ಕಡಿಮೆ, ಊರಿಗೆ ಹೋದರೆ ಜಾಸ್ತಿ. ಹೀಗೆ ಎರಡು ವರ್ಷ ನಡೆಯಿತು.

ಇದಕ್ಕೆ ಎಲ್ಲರೂ ಒಂದೊಂದು ಕಾರಣ ಹೇಳಿದರು. ಊರಿನವರು ದೃಷ್ಟಿಯಾಗಿದೆ ಎಂದರು. ಡಾಕ್ಟರು ದೇವದುರ್ಗದಲ್ಲಿ ಸೂಜಿ ತಪ್ಪಿಸುತ್ತಿದ್ದಾಳೆಂದು ಗದರಿಸಿದರು. ನನ್ನ ಹೆಂಡತಿ ರಾಯಚೂರಿನ ನೀರಿಗೆ ಹಿಡಿದಳು. "ಅಕ್ಕಾರಿಗೆ ಇಲ್ಲಿ ನೀರು ಒಗ್ಗ್ಯದ" ಎಂದು ಓಣಿಯಲ್ಲಿ ಹೇಳಿ ಬಂದಳು. ರಾಯಚೂರಿನ ನೀರನ್ನು ಹೊಗಳುವವರನ್ನು ಓಣಿಯ ಜನ ಅದೇ ಮೊದಲು ನೋಡಿದ್ದು. ಪಕ್ಕದ ಮನೆಯ ಹೆಂಗಸು, "ಈ ಬಿಸಲಾಗ, ಈ ನೀರಾಗ ಆರಾಮಾಗಬೇಕಾದ್ರ ಆಕಿ ದೇವರೇ ಇರಬೇಕ್ ಬಿಡ್ರಿ" ಎಂದಳಂತೆ. ನಾನು ಎಲ್ಲ ಕಾರಣಗಳನ್ನೂ ನಂಬಿದೆ. ನಂಬಲು ಕಾರಣ ಹೆಚ್ಚಿದ್ದಷ್ಟೂ ಚಿಂತೆಗೆ ಅನುಕೂಲ.

ಮೂರನೆಯ ಸಲ ಆಕೆ ನಮ್ಮ ಮನೆಯಲ್ಲಿದ್ದಾಗ ಬೇಸಿಗೆ ಶುರುವಾಗಿತ್ತು. ಓಣಿಯ ಹೆಂಗಸರೆಲ್ಲ ವರ್ಷದ ಹುಣಸೆಹಣ್ಣು ತಂದು, ಅಂಗಳದ ನೆರಳಿನಲ್ಲಿ ಕುಳಿತು, ಕುಟ್ಟಿ ಬೀಜ ತೆಗೆಯುತ್ತಿದ್ದರು. ಅಕ್ಕನಿಗೆ ಆಗ ಮೈ ಹಗುರಾಗಿತ್ತು. ಇ.ಎಸ್.ಆರ್. ಕಡಿಮೆಯಾಗುತ್ತಿತ್ತು, ಅಂಗಳಕ್ಕೆ ಹೋಗಿ ಬರುತ್ತಿದ್ದಳು. ಹೆಂಗಸರು ಬೀಜವನ್ನು ತಿಪ್ಪೆಗೆ ಚೆಲ್ಲುವುದನ್ನು ನೋಡಿ ಆಕೆಗೆ ತಡೆಯಲಾಗಲಿಲ್ಲ.

"ಯವ್ವಾ, ಇಂಥಾ ಬೀಜ ಚೆಲ್ತೀರೇನು? ಕೊಡ್ರಿ ಇಲ್ಲಿ."

ಓಣಿಯ ಬೀಜವೆಲ್ಲ ನಮ್ಮ ಅಂಗಳಕ್ಕೆ ಬಂತು. ಕಚೇರಿಯಿಂದ ಬಂದಾಗ ಅಕ್ಕ ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ಬೀಜ ಹುರಿದು, ಸಿಪ್ಪೆ ಬಿಡಿಸಿ, ಒಳ್ಳಿನಲ್ಲಿ ಹಾಕಿ ಕುಟ್ಟುತ್ತಿದ್ದಳು. ಹಿಟ್ಟಿನ ಧೂಳಿನಿಂದ ಹುಬ್ಬೆಲ್ಲ ಬಿಳಿಯಾಗಿತ್ತು. ನನಗೆ ಸಂತೋಷವಾಯಿತು. ಕೆಲಸ ಮಾಡುವಷ್ಟು ಶಕ್ತಿ ಬಂತಲ್ಲ ಎಂದುಕೊಂಡೆ. ಹತ್ತಿರ ಕುಳಿತು ಚಹಾ ಕೂಡ ಕುಡಿದೆ.

ಆ ವಾರ ಸಂಜೆ ಸಂಜೆ ಜ್ವರ ಬಂತು. ಎದೆ ಬಿಗಿಯಿತು. ತಿಂಗಳ ಪರೀಕ್ಷೆಗೆ ಹೋದಾಗ ಕೊಳವೆಯಲ್ಲಿ ಕೆಂಪು ಸರ್ರನೆ ಕೆಳಗಿಳಿದು ಮತ್ತೆ ಎಂಬತ್ತರ ಗೆರೆ ದಾಟಿತು.

ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೊರಗಿದರು. "ಸೂಜಿ ಅದೇ, ಗುಳಿಗಿ ಅದೇ, ಊರೂ ರಾಯಚೂರೇ. ನನ್ನ ಕಣ್ಮುಂದ ಇದ್ದಾಳ. ಯೇ ಕೈಸಾ? ಈ ವಾರ ಮನ್ಯಾಗ ಹೊಸಾದು ಏನರ ಆತೇನು?"

ನಾನು ಯೋಚಿಸತೊಡಗಿದೆ. ಜೊತೆಗೆ ಬಂದಿದ್ದ ಹೆಂಡತಿ ಎರಡು ದಿನದಿಂದ ಹೇಳಲು ಕಾದಿದ್ದ ದೂರನ್ನು ಹೊರಗೆ ಹಾಕಿದಳು: "ಏನಾಗ್ಯದ್ರೀ, ಮನಿ ತುಂಬಾ ಹುಣಸಿ ಬೀಜದ ಹಿಟ್ಟು. ಅಕ್ಕಾರು ಕುಟ್ಟೇ ಕುಟ್ಟ್ಯಾರ. ಹಾಸಿಗಿ ಮ್ಯಾಲೂ ಅದೇ, ಉಪ್ಪಿನ ಡಬ್ಬ್ಯಾಗೂ ಅದೇ."

ಡಾಕ್ಟರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಹುಣಸಿ ಬೀಜ ಯಾಕ ಕುಟ್ಟತಿ ಯವ್ವಾ?"

ಅಕ್ಕನಿಗೆ ಎಲ್ಲಿಲ್ಲದ ಹುರುಪು ಬಂತು. ಆ ಕೋಣೆಯಲ್ಲಿ ಆಕೆಗೆ ಗೊತ್ತಿದ್ದ ವಿಷಯವನ್ನು ಕೇಳಿದ್ದು ಅದೇ ಮೊದಲು. ಉಣ್ಣೆಯ ನೂಲು ಮೆತ್ತಗಿರುತ್ತದೆ, ಹಾಗೇ ಮಗ್ಗಕ್ಕೆ ಹಾಕಿದರೆ ಕಿತ್ತುಕೊಂಡು ಹೋಗುತ್ತದೆ. ಅದಕ್ಕೆ ಹುಣಸೆ ಬೀಜದ ಗಂಜಿ ಕಾಯಿಸಿ, ಮಗ್ಗದ ಉದ್ದಕ್ಕೆ ಹೂಡುವ ಹಾಸಿನ ನೂಲಿಗೆ ಹಚ್ಚಿ, ಬಿಸಿಲಲ್ಲಿ ಒಣಗಿಸಬೇಕು. ಹಿಟ್ಟು ನುಣ್ಣಗಿದ್ದಷ್ಟೂ ಗಂಜಿ ಒಳ್ಳೆಯದು. ಉಸಿರು ಸಿಕ್ಕಿಕೊಳ್ಳುತ್ತಿದ್ದರೂ ನಿಲ್ಲಿಸಿ ನಿಲ್ಲಿಸಿ ಎಲ್ಲವನ್ನೂ ಹೇಳಿದಳು. ಕೊನೆಗೆ, "ನಮ್ಮೂರಾಗ ಎಲ್ಲಾ ಮಗ್ಗಕ್ಕೂ ನಾನೇ ಕುಟ್ಟಿ ಕೊಡೂದ್ರಿ. ಬ್ಯಾರೇದೋರ ಹಿಟ್ಟು ಅವರಿಗೆ ಮನಸ್ಸಿಗೆ ಬರಂಗಿಲ್ಲ" ಎಂದಳು.

"ಎಷ್ಟ ವರ್ಷದಿಂದ?"

"ಗಂಡ ಸತ್ತು ಬಂದಾಗಿಂದ್ರಿ."

"ಮತ್ತ ಅವತ್ತು ಕೇಳಿದ್ರ, ಮನ್ಯಾಗ ಕುಂತಿರ್ತೀನಿ ಅಂದಿದ್ದಿಯಲ್ಲಾ?"

"ಹೌದ್ರಿ. ಕುಂತೇ ಕುಟ್ಟೂದ್ರಿ."

ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಕ್ಷಯ ಅಲ್ಲ ಅಂತ ಕಾಣ್ತದ" ಎಂದರು. "ಆ ಹಿಟ್ಟು ಉಸಿರಿನ ಕೂಡ ಒಳಗ ಹೋಗಿ ಪುಪ್ಪುಸ ಉರಿಸಾಕತ್ತದ. ಇಲ್ಲಿ ಬಂದಾಗ ಹಿಟ್ಟಿಲ್ಲ, ಉರಿ ಇಳೀತು. ನಾವು ಸೂಜಿ ಗುಣಾ ಕೊಟ್ಟದ ಅಂತ ತಿಳಕೊಂಡಿವಿ. ತಪ್ಪು ನಂದೂ ಅದ." ಅಷ್ಟು ನೇರವಾಗಿ ತನ್ನ ತಪ್ಪು ಹೇಳಿದ ಡಾಕ್ಟರನ್ನು ನಾನು ಮತ್ತೆ ನೋಡಿಲ್ಲ.

ಸೂಜಿ ನಿಂತಿತು. ಇನ್ನು ಜನ್ಮದಲ್ಲಿ ಬೀಜ ಕುಟ್ಟಕೂಡದು, ಕುಟ್ಟುವವರ ಹತ್ತಿರವೂ ಕೂರಕೂಡದು ಎಂದಾಯಿತು. ಉರಿಯೂತ ತಗ್ಗಿಸಲು ಸಣ್ಣ ಬಿಳಿ ಗುಳಿಗೆ ಕೊಟ್ಟರು. ಇದು ಅಂಟುವ ರೋಗವೇ ಅಲ್ಲವೆಂದೂ ಹೇಳಿದರು. ಮನೆಗೆ ಬಂದ ಕೂಡಲೇ ಹೆಂಡತಿ ಬಚ್ಚಲ ಗೂಡಿನಿಂದ ಅಕ್ಕನ ತಟ್ಟೆ ತಂದು ನಮ್ಮ ತಟ್ಟೆಗಳ ನಡುವೆ ಇಟ್ಟಳು. ಮರುದಿನ ಬೆಳಿಗ್ಗೆ ನೋಡಿದರೆ ಅದು ಮತ್ತೆ ಬಚ್ಚಲ ಗೂಡಿನಲ್ಲಿತ್ತು. "ರೂಢಿ ಆಗ್ಯದ ಬಿಡವ್ವಾ" ಎಂದಳು ಅಕ್ಕ. ಸಾಯುವತನಕ ಅದು ಬೇರೆಯೇ ಉಳಿಯಿತು.

ಅದೇ ಹೊತ್ತಿಗೆ ನನಗೆ ಮಾನ್ವಿಗೆ ವರ್ಗವಾಯಿತು. ಅಕ್ಕನನ್ನೂ ಕರೆದುಕೊಂಡು ಹೋದೆವು. ತಿಂಗಳಿಗೊಮ್ಮೆ ನಾನು ಮತ್ತು ಅಕ್ಕ ಬೆಳಗಿನ ಬಸ್ಸಿಗೆ ರಾಯಚೂರಿಗೆ ಬಂದು, ಬೆಂಚಿನ ಮೇಲೆ ಒಂದು ತಾಸು ಕುಳಿತು, ಸಂಜೆಗೆ ಹೊರಳಿ ಹೋಗುತ್ತಿದ್ದೆವು. ನಾನು ಹೇಳಿದ ನಿಶ್ಚಿಂತೆಯ ಕಾಲ ಇದೇ. ಕೊಳವೆಯಲ್ಲಿ ಕೆಂಪು ತಿಂಗಳು ತಿಂಗಳಿಗೆ ನಿಧಾನವಾಗುತ್ತಿತ್ತು. ಐವತ್ತಾಯಿತು, ನಲವತ್ತಾಯಿತು, ಮೂವತ್ತರ ಒಳಗೆ ಬಂತು. ಬದುಕಿನಲ್ಲಿ ಮೊದಲ ಸಲ ನನ್ನ ಚಿಂತೆಗೆ ಒಂದು ಅಳತೆಗೋಲು ಸಿಕ್ಕಿತ್ತು, ಅದು ಒಳ್ಳೆಯ ಸುದ್ದಿಯನ್ನೇ ಹೇಳುತ್ತಿತ್ತು. ಅಂಥದ್ದನ್ನು ನಾನು ಹೇಗೆ ನಂಬದಿರಲಿ?

ಗುಳಿಗೆಯ ಗುಣಕ್ಕೆ ಅಕ್ಕನಿಗೆ ಹಸಿವು ಹೆಚ್ಚಿತು. ಕೆನ್ನೆ ಉಬ್ಬಿ ಮುಖ ದುಂಡಗಾಯಿತು. ಊರಿನಿಂದ ಮಾನ್ವಿಯ ಸಂತೆಗೆ ಬಂದವರು ಮನೆಗೆ ಬಂದು ನೋಡಿ, "ಮಾರಿ ತುಂಬ್ಯದ, ಸವಕಾರ್ತಿ ಆಗ್ಯಾಳ" ಎಂದು ಹೇಳಿ ಹೋದರು. ಅವರ ಕೈಯಲ್ಲಿ ನಾನು ಪ್ರತಿ ಸಲ ಸುದ್ದಿ ಕಳಿಸುತ್ತಿದ್ದೆ: ರಕ್ತ ಒಳ್ಳೆಯದಾಗುತ್ತಿದೆ, ಇನ್ನು ಸ್ವಲ್ಪವೇ ಉಳಿದಿದೆ. ಕೇಳದಿದ್ದವರಿಗೂ ಹೇಳುತ್ತಿದ್ದೆ. ಕಚೇರಿಯಲ್ಲಿ ನನ್ನ ಹಿರಿಯ ಅಧಿಕಾರಿಗೂ ಇ.ಎಸ್.ಆರ್. ಎಂದರೇನೆಂದು ಚಿತ್ರ ಬರೆದು ತೋರಿಸಿದ್ದೆ. ಅವರು ಪಾಪ, ರಜೆಯ ಅರ್ಜಿಗೆ ಸಹಿ ಮಾಡಿ ಬೇಗ ಕಳಿಸಿಬಿಟ್ಟರು.

ಮಾನ್ವಿಯ ಮನೆಗೆ ಮೂರು ಮೆಟ್ಟಿಲುಗಳಿದ್ದವು. ಅಕ್ಕ ಎರಡನೆಯದರ ಮೇಲೆ ನಿಲ್ಲುತ್ತಿದ್ದಳು. ಕೆಳಗಿನ ಓಣಿಯನ್ನು ನೋಡುವವಳಂತೆ ತಿರುಗಿ, ಬಾಗಿಲ ಚೌಕಟ್ಟಿಗೆ ಕೈಕೊಟ್ಟು, ಆಮೇಲೆ ಮೂರನೆಯದನ್ನು ಹತ್ತುತ್ತಿದ್ದಳು. ನಾನು ನೋಡುತ್ತಿದ್ದೆ.

"ದಮ್ಮು ಹತ್ತತದೇನಕ್ಕಾ?"

"ಇಲ್ಲೋ. ಕೂಳು ತಿಂದು ಕುಂತು ಕುಂತು ಮೈ ಭಾರಾಗ್ಯದ."

ಮೂವತ್ತರ ಒಳಗೆ ಬಂದಿದೆಯಲ್ಲ ಎಂದು ನಾನು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಚಳಿಗಾಲ ಕಳೆದ ಮೇಲಿನ ಒಂದು ಪರೀಕ್ಷೆಯಲ್ಲಿ ರಕ್ತ ಹದಿನೈದರ ಆಸುಪಾಸಿಗೆ ನಿಂತಿತು. ಪರೀಕ್ಷೆ ಮಾಡುವಾತ ಕೊಳವೆಯನ್ನು ಬೆಳಕಿಗೆ ಹಿಡಿದು, "ಮುಬಾರಕ್ ಹೋ, ಅಕ್ಕಾರ" ಎಂದು ಅಕ್ಕನಿಗೆ ಹೇಳಿದ. ನಾನು ಓಡಿಹೋಗಿ ತೀನ್ ಕಂದಿಲ್‌ನಿಂದ ಜಿಲೇಬಿ ಕಟ್ಟಿಸಿಕೊಂಡು ಬಂದೆ. ಬೆಂಚಿನ ಮೇಲಿದ್ದ ಗುರುತಿಲ್ಲದವರ ಬಾಯಿಗೂ ಹಾಕಿದೆ. ಡಾಕ್ಟರ ಮುಂದೆ ಪೊಟ್ಟಣ ಹಿಡಿದರೆ ಅವರು ಅದನ್ನು ಮೇಜಿನ ಅಂಚಿಗೆ ಸರಿಸಿದರು. ಹೊಸ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದರು. ಹಳೆಯದನ್ನು ಪಕ್ಕದಲ್ಲಿ ಹಿಡಿದರು. ಅಕ್ಕನಿಗೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಾಲ್ಕು ಸಲ ನಡೆಯಲು ಹೇಳಿದರು. ಆಕೆ ಎರಡು ಸಲ ನಡೆದು ಕುಳಿತಳು. ತುಟಿಗಳು ನೇರಳೆಯಾಗಿದ್ದವು.

"ರಕ್ತ ಚಲೋ ಆಗ್ಯದಲ್ರೀ ಸಾಹೇಬ್ರ" ಎಂದೆ ನಾನು. ನನ್ನ ಬೆರಳಿಗೆ ಇನ್ನೂ ಜಿಲೇಬಿಯ ಪಾಕ ಅಂಟಿತ್ತು.

"ಆಗ್ಯದ. ಉರಿ ಪೂರಾ ಆರ್ಯದ" ಎಂದರು. "ಆದ್ರ ಅದು ಆರಾಕ ಮೊದಲ ಬಹಳ ವರ್ಷ ಉರದದ. ಉರದ ಕಡೆ ಪುಪ್ಪುಸ ಗಟ್ಟ್ಯಾಗಿ ಬಿಟ್ಟದ. ಗಟ್ಟ್ಯಾದದ್ದು ರಕ್ತದಾಗ ಕಾಣಂಗಿಲ್ಲ ಭಾಯಿ. ರಕ್ತ ಇವತ್ತಿನ ಮಾತು ಹೇಳ್ತದ, ಹಿಂದಾಗಿದ್ದು ಹೇಳಂಗಿಲ್ಲ."

ನನಗೆ ಅರ್ಥವಾಗಲಿಲ್ಲ. ಅಕ್ಕನಿಗೆ ಆಯಿತು.

"ಗಂಜಿ ಹಿಡದು ಒಣಗಿದ ನೂಲಿನಂಗ ಆಗ್ಯದೇನ್ರಿ ಎದಿ?" ಎಂದು ಕೇಳಿದಳು.

"ಹಂಗೇ ತಿಳಕೋ ಯವ್ವಾ."

ಅಕ್ಕ ಸ್ವಲ್ಪ ಯೋಚಿಸಿದಳು. ಮುಖದಲ್ಲಿ ಒಂದು ಆಸೆ ಬಂತು. "ತೊಳದ್ರ ಬಿಡತದಲ್ರೀ ಅದು? ಕಂಬಳಿ ನೇದ ಮ್ಯಾಲ ನೀರಾಗ ಹಾಕಿ ತುಳೀತೀವಿ. ಗಂಜಿ ಎಲ್ಲಾ ಬಿಟ್ಟು ಮೆತ್ತಗಾಗ್ತದ."

ಡಾಕ್ಟರು ಎಕ್ಸ್‌ರೇಗಳನ್ನು ಲಕೋಟೆಗೆ ಹಾಕಲು ಬಹಳ ಹೊತ್ತು ತೆಗೆದುಕೊಂಡರು.

"ಇದು ಬಿಡಂಗಿಲ್ಲ ಯವ್ವಾ."

"ಹಂಗಾದ್ರ ನಾ ಊರಿಗೆ ಹೋಗ್ತೀನ್ರಿ" ಎಂದಳು ಅಕ್ಕ.

ಬಸ್ಸಿನಲ್ಲಿ ಮಾನ್ವಿಗೆ ಹೊರಳುವಾಗ ನನ್ನ ಚಿಂತೆಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಂದ ನೆಂಟರಂತೆ ಒಂದೊಂದಾಗಿ ಒಳಗೆ ಬಂದು ಕುಳಿತವು. ಊರಿನಲ್ಲಿ ಡಾಕ್ಟರಿಲ್ಲ ಎಂದೆ. ಇಲ್ಲಿದ್ದವರು ಏನು ಮಾಡಿದರು ಎಂದಳು. ನೀರು ಹೊರುವವರಾರು ಎಂದೆ. ಊರಿನಲ್ಲಿ ನಾನೊಬ್ಬಳೇ ಹೆಂಗಸೇನು ಎಂದಳು. ಕೊನೆಗೆ ಆಕೆಯೇ ನನ್ನ ತೊಡೆ ತಟ್ಟಿ, "ನಿನ್ನ ಮನ್ಯಾಗ ನನಗೇನೂ ಕಮ್ಮಿ ಮಾಡಿಲ್ಲ. ಆದ್ರ ಇಲ್ಲಿ ನಾ ಯಾರಿಗೂ ಬೇಕಾಗಿಲ್ಲೋ" ಎಂದಳು. ನಮಗೆ ಬೇಕು ಎಂದು ನಾನು ಹೇಳಲಿಲ್ಲವೇ? ಹೇಳಿದೆ. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬೇಕಾಗುವುದರಲ್ಲಿ ಎರಡು ಬಗೆ ಇರುತ್ತದೆಂದು ಆಗ ನನಗೆ ಹೊಳೆದಿರಲಿಲ್ಲ.

ಅಕ್ಕ ಮುಂದಿನ ಚಳಿಗಾಲವನ್ನು ದಾಟಲಿಲ್ಲ. ಒಂದು ಮುಂಜಾನೆ ಗೋಡೆಗೊರಗಿ ಕುಳಿತಿದ್ದವಳು ಹಾಗೆಯೇ ಹೋದಳು. ಮಲಗಿದರೆ ಉಸಿರು ಸಿಗದೆ ಆಕೆ ಕುಳಿತೇ ನಿದ್ದೆ ಮಾಡುವುದನ್ನು ರೂಢಿಸಿಕೊಂಡಿದ್ದಳು. ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಯಾಕೆಂದರೆ ನನ್ನ ಮನಸ್ಸಿಗೆ ಮತ್ತೆ ಮತ್ತೆ ಬರುವುದು ಆ ಮುಂಜಾನೆಯಲ್ಲ, ಆಕೆಯನ್ನು ಊರಿಗೆ ಬಿಡಲು ಹೋದ ದಿನ.

ಬಸ್ಸು ನಮ್ಮನ್ನು ಊರ ಹೊರಗಿನ ರಸ್ತೆಯಲ್ಲಿ ಇಳಿಸಿತು. ಅಲ್ಲಿಂದ ಮನೆ ಬಹಳ ದೂರವಿಲ್ಲ, ಒಂದು ಬೀಡಿ ಸೇದುವಷ್ಟು ಹೊತ್ತಿನ ದಾರಿ. ನಾನು ಮೊದಲೇ ಹೇಳಿಕಳಿಸಿದ್ದರಿಂದ ಬಂಡಿ ಬಂದು ನಿಂತಿತ್ತು. ಅಕ್ಕ ಅದರ ಕಡೆ ನೋಡಲೂ ಇಲ್ಲ.

"ಬಂಡಿ ಮ್ಯಾಲ ಹೋದ್ರ ಹೆಣ ಬಂತಂತಾರ. ನಡೀತೀನಿ."

ನಡೆದಳು. ಹತ್ತು ಹೆಜ್ಜೆ, ನಿಲ್ಲುವುದು. ಮತ್ತೆ ಹತ್ತು ಹೆಜ್ಜೆ. ಎದುರಿಗೆ ಬಂದವರೆಲ್ಲ ನಿಂತು ಮಾತಾಡಿಸಿದರು. ನಾನು ಕಳಿಸಿದ್ದ ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು.

"ರಕ್ತ ಚಲೋ ಆಗ್ಯದಂತಲ್ಲ ಯಕ್ಕಾ!"

"ಅಯ್ಯ, ಮಾರಿ ನೋಡು ಹೆಂಗ ತುಂಬ್ಯದ."

"ಆರಾಮಾದಿ ಇಲ್ಲವ್ವಾ?"

ಅಕ್ಕನಿಗೆ ಉತ್ತರಿಸಲು ಉಸಿರಿರಲಿಲ್ಲ. ನಕ್ಕು ತಲೆಯಾಡಿಸುತ್ತಿದ್ದಳು. ಆಕೆಯ ಪರವಾಗಿ ನಾನು, "ಆರಾಮಾಗ್ಯಾಳ, ಆರಾಮಾಗ್ಯಾಳ" ಎಂದು ಎರಡೂ ಕಡೆ ಹೇಳುತ್ತ ಹೋದೆ. ಏನು ಹೇಳಬೇಕಿತ್ತು? ಅವರ ಮುಖಗಳು ಅಷ್ಟು ಸಂತೋಷದಿಂದ ಅರಳಿದ್ದವು.

ಗುಡಿಯ ಕಟ್ಟೆ ಬಂದಾಗ ಅಕ್ಕ ಕುಳಿತುಬಿಟ್ಟಳು. ಅಲ್ಲಿ ನಮ್ಮ ಓಣಿಯ ಹಿರಿಯ ಕಾಕಾ ಇದ್ದ. ಊರಿನ ಮಗ್ಗಗಳಲ್ಲೇ ಹಳೆಯ ಮಗ್ಗ ಅವನದು, ಅಕ್ಕನ ಹಿಟ್ಟಿಲ್ಲದೆ ಅವನು ಹಾಸು ಹೂಡಿದವನೇ ಅಲ್ಲ. ಆಕೆಯನ್ನು ನೋಡಿ ಅವನು ಎದ್ದೇ ನಿಂತ.

"ಬಂದೇನು ನನ್ನವ್ವಾ? ನೀ ಹ್ವಾದ ಮ್ಯಾಲ ಒಬ್ಬೊಬ್ಬಾಕಿ ಕುಟ್ಟಿದ ಹಿಟ್ಟು ಒಂದೊಂದ ನಮೂನಿ. ನೂಲು ಹರದು ಹರದು ಸಾಕಾಗ್ಯದ. ನಾಳಿಂದ ಬೀಜ ಕಳಸ್ತೀನಿ."

"ಆಕಿ ಇನ್ನ ಕುಟ್ಟಂಗಿಲ್ಲ ಕಾಕಾ" ಎಂದೆ ನಾನು. ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. "ಡಾಕ್ಟ್ರು ಬ್ಯಾಡಂದಾರ. ಯಾರೂ ಒಣಾದು ಕುಟ್ಟಬ್ಯಾಡ್ರಿ, ನೆನಿ ಇಟ್ಟು ರುಬ್ಬ್ರಿ ಅಂದಾರ."

ಕಾಕಾ ನನ್ನನ್ನು ನೋಡಿದ, ಅಕ್ಕನನ್ನು ನೋಡಿದ. ಅವನಿಗೆ ನಿಜವಾಗಿಯೂ ತಿಳಿಯದಾಗಿತ್ತು.

"ರಕ್ತ ಚಲೋ ಆಗ್ಯದ ಅಂತ ನೀನಾ ಹೇಳಿ ಕಳಿಸಿದಿ. ಚಲೋ ಆದ ಮ್ಯಾಲ ಯಾಕ ಕುಟ್ಟಬಾರದು?"

ನಾನು ಡಾಕ್ಟರ ಮಾತುಗಳನ್ನು ಜೋಡಿಸಿಕೊಳ್ಳತೊಡಗಿದೆ. ಉರಿ, ಆರುವುದು, ಗಟ್ಟಿಯಾಗುವುದು. ಎಲ್ಲಿಂದ ಶುರುಮಾಡಲಿ? ಅಷ್ಟರಲ್ಲಿ ಅಕ್ಕ ನನ್ನ ಅಂಗಿಯ ತುದಿ ಹಿಡಿದೆಳೆದು ಸುಮ್ಮನಿರೆಂದಳು. ಕಟ್ಟೆಯ ಮೇಲೆ ಎರಡೂ ಕೈಯೂರಿ, ಹೆಗಲು ಏರಿಸಿ, ಉಸಿರನ್ನು ಕೂಡಿಸಿಕೊಂಡಳು. ನಾವಿಬ್ಬರೂ ಕಾದೆವು.

"ಕಾಕಾ, ರಕ್ತ ಚಲೋ ಅದ. ಎದಿ ಉಳದಿಲ್ಲ."

ಅದಕ್ಕಿಂತ ಉದ್ದದ ಮಾತಿಗೆ ಆಕೆಯಲ್ಲಿ ಉಸಿರಿರಲಿಲ್ಲ.

ಕಾಕಾ ಕೋಲು ತೆಗೆದುಕೊಂಡು ಕಟ್ಟೆ ಇಳಿದ. ಅಕ್ಕ ಎದ್ದಾಗ ಅವನು ನಮ್ಮ ಮುಂದೆ ನಡೆಯತೊಡಗಿದ. ಆಕೆ ನಿಂತಲ್ಲಿ ತಾನೂ ನಿಲ್ಲುತ್ತಿದ್ದ, ತಿರುಗಿ ನೋಡುತ್ತಿರಲಿಲ್ಲ. ಎದುರಿನ ಮನೆಯಿಂದ ಯಾರೋ ಹೆಂಗಸು, "ಯಕ್ಕಾ, ಆರಾಮಾದೇನು?" ಎಂದು ಕೂಗುತ್ತ ಅಂಗಳಕ್ಕೆ ಬಂದಳು. ಕಾಕಾ ಕೋಲೆತ್ತಿ ತಡೆದ.

"ಮಾತಾಡಸಬ್ಯಾಡ್ರಿ ಆಕಿನ್ನ. ಮನಿ ಮುಟ್ಟಲಿ."

ಓಣಿಯ ಎರಡೂ ಕಡೆ ಜನ ಬಾಗಿಲಿಗೆ ಬಂದು ಸುಮ್ಮನೆ ನಿಂತರು. ಮನೆಯ ಹೊಸ್ತಿಲು ಬರುವತನಕ ಕೇಳಿದ್ದು ಅಕ್ಕನ ಉಸಿರೊಂದೇ.